ಗಗನವೀರ ಶಲ್ಯ ಒಗೆದ ರವಿವಾರ

ಮನುಷ್ಯರು ಸುಧಾರಿಸಬೇಕು ಎಂಬ ಮಾತಿಗೆ ನನ್ನ ತಕರಾರೇನೂ ಇಲ್ಲ. ಆದರೆ ನಾನು ಮೆಚ್ಚಿಕೊಂಡವರು ಮಾತ್ರ ಮೆಚ್ಚಿದ ದಿನ ಹೇಗಿದ್ದರೋ ಹಾಗೆಯೇ ಇರಬೇಕು. ಕಳಿತ ಮಾವಿನ ಉಪ್ಪಿನಕಾಯಿಯನ್ನು ಸುಧಾರಿಸಲು ಯಾರಾದರೂ ಹೋಗುತ್ತಾರೆಯೇ? ನನ್ನ ಈ ಸಿದ್ಧಾಂತಕ್ಕೆ ಪೆಟ್ಟು ಕೊಟ್ಟವನು ಗಗನವೀರ. ನಮ್ಮ ವಾಡಿ ಊರಿಗೆ ಟೀವಿ ಬಂದ ಹೊಸತರಲ್ಲಿ ರವಿವಾರ ಬೆಳಿಗ್ಗೆ ಬರುತ್ತಿದ್ದ ಹಿಂದಿ ಧಾರಾವಾಹಿಯ ನಾಯಕ ಅವನು. ಬೆನ್ನಿಗೆ ಕೆಂಪು ಶಲ್ಯ ಕಟ್ಟಿಕೊಂಡು, ಒಂದು ಕೈ ಮುಂದೆ ಚಾಚಿ, ಭರ್ರನೆ ಹಾರುತ್ತಿದ್ದ. ಯಾರಿಗೂ ಕಾರಣ ಹೇಳುತ್ತಿರಲಿಲ್ಲ, ಯಾರನ್ನೂ ಏನೂ ಕೇಳುತ್ತಿರಲಿಲ್ಲ. ಗಂಡಸು ಅಂದರೆ ಹೀಗಿರಬೇಕು ಎಂದು ನಾನು ನಂಬಿದ್ದೆ. ರೈಲ್ವೆ ಗೂಡ್ಸ್ ಆಫೀಸಿನಲ್ಲಿ ಎಲ್ಲರಿಗೂ ಕಾರಣ ಹೇಳುತ್ತ, ಎಲ್ಲರನ್ನೂ ಕೇಳಿಕೊಳ್ಳುತ್ತ ಹೊಟ್ಟೆ ಹೊರೆಯುವ ಗುಮಾಸ್ತ ಇನ್ನೇನು ನಂಬಿಯಾನು?

ನಿಜ ಹೇಳಬೇಕೆಂದರೆ ನಾನೂ ಹಾರುತ್ತಿದ್ದೆ. ಆಫೀಸಿನ ಕುರ್ಚಿಯಲ್ಲಿ ಕುಳಿತು, ಕಿಟಕಿಯಾಚೆ ಸಿಮೆಂಟ್ ಕಾರ್ಖಾನೆಯ ಧೂಳು ಬೆಳಗಿನ ಬಿಸಿಲಿನಲ್ಲಿ ಮೆಲ್ಲಗೆ ಇಳಿಯುವುದನ್ನು ನೋಡುತ್ತಿದ್ದರೆ ಸಾಕು, ಕಾಲು ತಾನಾಗಿಯೇ ನೆಲ ಬಿಡುತ್ತಿತ್ತು. ಕೆಳಗೆ ಹಳಿಗಳು ಜಡೆಯ ಹಾಗೆ ಹೆಣೆದುಕೊಂಡು ಬಿಚ್ಚಿಕೊಳ್ಳುತ್ತಿದ್ದವು. ಶಹಾಬಾದದ ಕಲ್ಲುಗಣಿಗಳಲ್ಲಿ ನಿಂತ ನೀರು ಫಳಫಳ ಹೊಳೆಯುತ್ತಿತ್ತು. ಚಿತ್ತಾಪುರ ದಾಟಿ, ಗುಂಡಗುರ್ತಿಯ ತೊಗರಿ ಹೊಲಗಳ ಹಳದಿ ಹೂವು ನೋಡಿಕೊಂಡು, ಸೇಡಂ ಮೇಲೊಂದು ಸುತ್ತು ಹಾಕಿ, ಚಿಂಚೋಳಿಯ ಕಾಡಿನಾಚೆ ಚಂದ್ರಂಪಳ್ಳಿ ಜಲಾಶಯದ ನೀರಿನ ಮೇಲೆ ನನ್ನ ನೆರಳು ತೇಲುವುದನ್ನು ನೋಡುತ್ತ ಎಷ್ಟೋ ಹೊತ್ತು ನಿಂತುಬಿಡುತ್ತಿದ್ದೆ. ಆಹಾ, ಏನು ಸುಖ ಅದು! ಮನೆಯಲ್ಲಿ ಹಾರಿದರೆ ಇನ್ನೂ ಅನುಕೂಲ. ತಿರುಗಿ ಬರುವ ಹೊತ್ತಿಗೆ ಪಕ್ಕದಲ್ಲಿ ಬಿಸಿ ಚಹಾ ಇರುತ್ತಿತ್ತು. "ಹಾರೂಕಿಂತ ಮೊದಲ ಒಂದು ಮಾತು ಹೇಳ್ರಿ, ಚಹಾ ಎರಡನೇ ಸಲ ಕಾಸೀನಿ" ಎಂದು ನನ್ನ ಹೆಂಡತಿ ಸುಧಾ ನಗುತ್ತಿದ್ದಳು. ಅದು ಬಿಸಿಯಾಗಿ ಉಳಿಯುವುದು ಹೇಗೆಂದು ನಾನು ವಿಚಾರ ಮಾಡಿದವನಲ್ಲ.

ಟೀವಿ ನಮ್ಮದಲ್ಲ, ಎದುರು ಮನೆಯ ಟೇಲರ್ ಖಾಸೀಮಸಾಬರದು. ನಡುವೆ ಒಂದು ಸಣ್ಣ ಗಲ್ಲಿ. ನಮ್ಮ ಅವ್ವ ಕಟ್ಟಾ ಮಡಿಯವಳು. ಮಿಂದು, ಯಾರೂ ಮುಟ್ಟದ ಸೀರೆ ಉಟ್ಟಮೇಲೆ ಊಟವಾಗುವವರೆಗೂ ಹೊಸ್ತಿಲು ದಾಟುವವಳಲ್ಲ. ಆದರೆ ಗಗನವೀರ ಬೇಕು! ನಿಜಾಮನ ಕಾಲದ ಉರ್ದು ಕೇಳಿ ಬೆಳೆದವಳಿಗೆ ಹಿಂದಿ ಒಂದು ತೊಡಕೇ? ಅದಕ್ಕೆ ಖಾಸೀಮಸಾಬರೇ ದಾರಿ ಹುಡುಕಿದ್ದರು. ಟೀವಿಯನ್ನು ಎತ್ತರದ ಸ್ಟೂಲಿನ ಮೇಲಿಟ್ಟು ನಮ್ಮ ಅಡುಗೆಮನೆಯ ಕಿಟಕಿಗೆ ಮುಖ ಮಾಡುತ್ತಿದ್ದರು. "ಅವ್ವಾರೆ, ಸಾಫ್ ಕಾಣ್ಲಿಕತ್ತದೇನ್ರಿ?" "ಕಾಣ್ತದಪ, ಒಂದೀಟು ಈ ಕಡಿ ತಿರುಗ್ಸು." ಹೀಗೆ ಗಲ್ಲಿಯಾಚೆ ಕುಳಿತ ಅವ್ವನಿಗೆ ಗಗನವೀರ ಎದುರಾ ಎದುರು ದರ್ಶನ ಕೊಡುತ್ತಿದ್ದ. ಟೀವಿ ಇದ್ದ ಕೋಣೆಯಲ್ಲೇ ಕುಳಿತ ನಾನು ಅವನನ್ನು ಓರೆಯಲ್ಲಿ ನೋಡಬೇಕಿತ್ತು. ನನ್ನ ಪಾಲಿಗೆ ಅವನು ಯಾವಾಗಲೂ ಸ್ವಲ್ಪ ಬಡಕಲು.

ಮಳೆಗಾಲ ಮುಗಿಯುವ ಹೊತ್ತಿಗೆ ಅವನಿಗೆ ಏನಾಯಿತೋ, ವಿಚಾರ ಮಾಡತೊಡಗಿದ. ಮೊದಲು ಹಾರುವ ಮುಂಚೆ ನಿಟ್ಟುಸಿರು ಬಿಟ್ಟ. ಆಮೇಲೆ ತಾನು ಒದ್ದು ಬೀಳಿಸಿದ ಕಳ್ಳನ ಮಕ್ಕಳನ್ನು ನೋಡಿ ಕಣ್ಣೀರು ತೆಗೆದ. "ಪಾತ್ರ ಬೆಳೀಲಿಕತ್ತದ" ಎಂದು ಸುಧಾ ಮೆಚ್ಚಿದಳು. "ಬೆಳೀಲಿಕತ್ತಿಲ್ಲ, ಕೆಡ್ಲಿಕತ್ತದ" ಎಂದು ನಾನು ಸಿಡುಕಿದೆ. ಹಾಗೆಂದು ನೋಡುವುದನ್ನು ಬಿಟ್ಟೆನೇ? ಇಲ್ಲ. ಅವನು ಅತ್ತಾಗ ನಾನೂ ಮೆಲ್ಲಗೆ ಕಣ್ಣೊರೆಸಿಕೊಳ್ಳುತ್ತಿದ್ದೆ, ಅದಕ್ಕೇ ಇನ್ನಷ್ಟು ಸಿಟ್ಟು ಬರುತ್ತಿತ್ತು.

ಇದೇ ಸಮಯದಲ್ಲಿ ಸುಧಾಳಿಗೆ ಚಿತ್ತಾಪುರದ ಶಾಲೆಯೊಂದರಲ್ಲಿ ಟೀಚರ್ ಕೆಲಸ ಸಿಕ್ಕಿತು. ಮದುವೆಗೆ ಮುಂಚೆ ಓದಿ ಪಾಸಾದವಳು, ಇಷ್ಟು ವರ್ಷ ಕಾದಿದ್ದಳು. ಬೆಳಗಿನ ಪ್ಯಾಸೆಂಜರಿಗೆ ಹೋದರೆ ಸಂಜೆಯ ಗಾಡಿಗೆ ಮನೆ. ಸೋಮವಾರ ಹಾಜರಾಗದಿದ್ದರೆ ಕೆಲಸ ಬೇರೆಯವರಿಗೆ. ಅವಳು ಕೇಳಿದಾಗಲೆಲ್ಲ ನಾನು ಗಗನವೀರನಂತೆ ಖಡಾಖಂಡಿತ ಮಾತಾಡಿದೆನೇ? "ನೋಡೋಣು" ಎಂದೆ. ಕೊನೆಗೆ, "ಅವ್ವ ಒಪ್ಪಬೇಕಲ್ಲ. ಆಕಿ ಮಡಿ ಸೀರಿ ಯಾರು ಒಗೀತಾರ?" ಎಂದೆ. ಅವ್ವನನ್ನು ಮಾತ್ರ ಕೇಳಿರಲಿಲ್ಲ. ಕೇಳಿದರೆ ಒಪ್ಪಿಬಿಟ್ಟಾಳು ಎಂಬ ಹೆದರಿಕೆ. ಸುಧಾಳ ಮುಖ ಬಾಡಿತು. ಅವಳು ಮತ್ತೆ ಆ ಮಾತು ಎತ್ತಲಿಲ್ಲ, ಚಹಾ ಮಾತ್ರ ಹೊತ್ತಿಗೆ ಸರಿಯಾಗಿ ಬರುತ್ತಿತ್ತು.

ಅವಳು ಹಾಜರಾಗಬೇಕಿದ್ದ ಸೋಮವಾರದ ಹಿಂದಿನ ದಿನ, ರವಿವಾರ, ಗಗನವೀರ ಕೆಸರಿನಲ್ಲಿ ಸಿಕ್ಕ ಕರುವೊಂದನ್ನು ಎತ್ತಿ ತಂದ. ಸರಿ, ಪರವಾಗಿಲ್ಲ. ಅವನು ತನ್ನ ಮನೆಗೆ ಬರುತ್ತಲೇ, ಹೊಲಸಾದ ಕೆಂಪು ಶಲ್ಯ ಒಗೆಯಲೆಂದು ಅವನ ಮುದಿ ತಾಯಿ ಬಕೆಟ್ಟು ತುಂಬಿಸತೊಡಗಿದಳು. ಅವನು ಅವಳನ್ನು ಕಟ್ಟೆಯ ಮೇಲೆ ಕೂಡಿಸಿ, ನಲ್ಲಿಯ ಕೆಳಗೆ ತಾನೇ ಒಗೆಯಲು ಕುಳಿತ!

"ಹಾಳು ಮಾಡಿದ್ರು! ವೀರ ಅನ್ನಾಂವ ಅರಿವಿ ಒಗೀತಾನೇನು?" ಎಂದು ನಾನು ಕೂಗಿಯೇಬಿಟ್ಟೆ.

ಗಲ್ಲಿಯಾಚೆಯಿಂದ ಅವ್ವನ ದನಿ ಬಂತು. "ಯಾಕ, ಇಷ್ಟು ವಾರ ಹಾರಿದ್ನಲ್ಲ, ಆ ಶಲ್ಯ ತಾನ ಸ್ವಚ್ಛ ಆಗ್ತಿತ್ತೇನು? ಪಾಪ, ಆ ಮುದುಕಿನೇ ಒಗದಾಳ. ಇವತ್ತ ಇವಗ ಬುದ್ಧಿ ಬಂತು."

ನನ್ನ ಪಕ್ಕ ಕುಳಿತಿದ್ದ ಸುಧಾ ಎದ್ದು ಖಾಸೀಮಸಾಬರ ಕಿಟಕಿಗೆ ಹೋದಳು. "ಅತ್ತಿ, ಚಿತ್ತಾಪುರದ ಸಾಲ್ಯಾಗ ನನಗ ನೌಕರಿ ಸಿಕ್ಕದ. ನಾಳೆ ಹಾಜರಾಗಬೇಕು. ನೀವು ಒಪ್ಪೂದಿಲ್ಲ ಅಂತ ಇವ್ರು ಅಂದ್ರು."

"ನಾನು? ನನಗ ಯಾರು ಕೇಳ್ಯಾರವಾ?"

ಖಾಸೀಮಸಾಬರು ಮೆಲ್ಲಗೆ ಕೈ ಚಾಚಿ ಟೀವಿಯ ದನಿ ಸಣ್ಣ ಮಾಡಿದರು. ಮುಂದಿನ ಮಾತು ಕೇಳಿಸಬೇಕಲ್ಲ! ನಾನು ಚಂದ್ರಂಪಳ್ಳಿಗೆ ಹಾರಿಬಿಡೋಣವೆಂದು ಕಣ್ಣು ಮುಚ್ಚಿದೆ. ಕಾಲು ನೆಲ ಬಿಡಲಿಲ್ಲ.

"ಹೋಗಿ ಬಾರವಾ," ಎಂದಳು ಅವ್ವ. "ಅಡಿಗಿ ನಾ ನೋಡ್ಕೋತೀನಿ. ಸೀರಿ ಇವ ಒಗೀತಾನ. ಇವನ ರಟ್ಟಿಗೇನು ಧಾಡಿ ಆಗ್ಯದ?"

ಈ ಕಡೆ ತಿರುಗಿದ ಸುಧಾಳ ಮುಖ ಅರಳಿದ್ದನ್ನು ಮಾತ್ರ ಎದುರಿನಿಂದಲೇ ನೋಡಿದೆ. ಖುಷಿಯಾಯಿತು, ನಾಚಿಕೆಯೂ ಆಯಿತು. ನನ್ನ ಗಗನವೀರ ಹೋಗಿಬಿಟ್ಟ ಎಂಬ ಸಂಕಟವೂ ಇತ್ತು.

ಸೋಮವಾರ ಬೆಳಿಗ್ಗೆ ಅವಳು ಸ್ಟೇಷನ್ನಿಗೆ ಹೋದಳು. ನಾನು ಮಡಿಯಲ್ಲಿ ಒದ್ದೆ ಪಂಚೆ ಉಟ್ಟು, ಚಳಿಗೆ ಹಲ್ಲು ಕಟಕಟಿಸುತ್ತ, ಅವ್ವನ ಒಂಬತ್ತು ಗಜದ ಕೆಂಪು ಸೀರೆಯನ್ನು ಕೋಲಿನ ತುದಿಗೆ ಸಿಕ್ಕಿಸಿ ಎತ್ತರದ ಹಗ್ಗಕ್ಕೆ ಏರಿಸುತ್ತಿದ್ದೆ. ಮಡಿ ಸೀರೆ ಯಾರ ಕೈಗೂ ಎಟುಕಬಾರದು, ನೆಲಕ್ಕೆ ತಾಗಿದರೆ ಮತ್ತೆ ಮೊದಲಿನಿಂದ ಒಗೆಯಬೇಕು. ಗಾಳಿ ಬೀಸಿ, ಸೀರೆ ಅರ್ಧ ಹಗ್ಗದ ಮೇಲೆ ಹಾರಿ, ಇನ್ನರ್ಧ ನನ್ನ ಬೆನ್ನ ಮೇಲೆ ಬಿತ್ತು. "ಆಚಾರ್ರೇ, ಮುಂದಿನ ಎಪಿಸೋಡು ನಿಮ್ಮ ಮನ್ಯಾಗೇ ಸುರು ಆಗ್ಯದಲ್ರಿ!" ಎಂದರು ಖಾಸೀಮಸಾಬರು. ಅಷ್ಟರಲ್ಲಿ ಪ್ಯಾಸೆಂಜರು ಕೂಗಿತು. ಕಿಟಕಿಯ ಪಕ್ಕ ಸುಧಾ ಕುಳಿತಿರುತ್ತಾಳೆ, ತೊಗರಿ ಹೊಲಗಳು ಹಿಂದೆ ಸರಿಯುತ್ತಿರುತ್ತವೆ ಎಂದುಕೊಂಡೆ. ಚಿತ್ತಾಪುರದ ಮೇಲೆ ಎಷ್ಟೋ ಸಲ ಹಾರಿದವನು ನಾನು, ಇಳಿಯುವವಳು ಅವಳು. ಕೋಲು ಹಿಡಿದು, ಆಕಾಶ ನೋಡುತ್ತ ಹಾಗೆಯೇ ನಿಂತುಬಿಟ್ಟೆ. ನೆತ್ತಿಯ ಮೇಲೆ ತಣ್ಣೀರು ತೊಟ್ಟಿಕ್ಕುತ್ತಿತ್ತು.

"ಮ್ಯಾಲ ನೋಡ್ಕೋತ ನಿಂತೀಯಲ್ಲ, ಸೀರಿ ಸೋರ್ಲಿಕತ್ತದ!" ಅವ್ವ ಕಿಟಕಿಯಿಂದ ಗದರಿದಳು. "ಮೊದಲ ಛಲೋತ್ನಾಗಿ ಹಿಂಡಬೇಕಪ. ನಿನ್ನೆ ಅವ ಹ್ಯಾಂಗ ಹಿಂಡಿದ, ನೋಡಿಲ್ಲೇನು?"

ನೋಡಿರಲಿಲ್ಲ. ಅವನು ಹಿಂಡುವ ಹೊತ್ತಿಗೆ ನಾನು ಕಣ್ಣು ಮುಚ್ಚಿ ಹಾರಲು ನೋಡುತ್ತಿದ್ದೆ.