ತಲೆ ನೆಟ್ಟಗಿದೆ ಎಂಬ ಸರ್ಟಿಫಿಕೇಟು

ನಾನು ಮನಸ್ಸಿನ ಡಾಕ್ಟರು. ಆಳಂದ, ಅಫಜಲಪುರ, ಜೇವರ್ಗಿಗೆ ವಾರಕ್ಕೊಂದು ದಿನದಂತೆ ಹೋಗುತ್ತೇನೆ. ಬೇರೆ ದಿನ ನನ್ನ ಕೋಣೆಯ ಮುಂದೆ ಮುಖ ಮರೆಸಿಕೊಂಡು ಓಡಾಡುವ ಜನ, ಬಂದೂಕಿನ ಲೈಸೆನ್ಸ್ ಬೇಕಾದಾಗ ಮಾತ್ರ ಎದೆ ಸೆಟೆಸಿ ಒಳಗೆ ಬರುತ್ತಾರೆ. ಇಪ್ಪತ್ತೊಂದು ತುಂಬಿರಬೇಕು, ತಲೆ ನೆಟ್ಟಗಿದೆ ಎಂದು ಡಾಕ್ಟರು ಬರೆದುಕೊಡಬೇಕು; ಇಲ್ಲದಿದ್ದರೆ ಲೈಸೆನ್ಸ್ ಇಲ್ಲ. ಹೊಲಕ್ಕೆ ಕಾಡುಹಂದಿ ನುಗ್ಗುವುದು ನಿಲ್ಲುವವರೆಗೆ ನನ್ನ ಕೋಣೆಯಲ್ಲಿ ಇಂಥವು ನಡೆಯುತ್ತಲೇ ಇರುತ್ತವೆ.

೧. ಆಳಂದ: ಅಪ್ಪನ ಜಾಣತನ

ಜಿಡಗಾ ಕಡೆಯ ರೈತರೊಬ್ಬರು ಮಗನನ್ನು ಕರೆತಂದರು. ಕಾಗದದಲ್ಲಿ ಮಗನಿಗೆ ಇಪ್ಪತ್ತೇ ವರ್ಷ.

"ಖರೇ ಅಂದ್ರ ಇಪ್ಪತ್ತೊಂದು ಆಗ್ಯಾವ್ರಿ," ಎಂದರು ಅಪ್ಪ. "ಸರ್ಕಾರಿ ನೌಕರಿಗಿ ಅರ್ಜಿ ಹಾಕ್ಲಿಕ್ಕ ಒಂದು ವರ್ಷ ಹೆಚ್ಚಿಗಿ ಸಿಗ್ಲಿ ಅಂತ ಸಾಲ್ಯಾಗ ನಾನೇ ಕಮ್ಮಿ ಬರಸೇನ್ರಿ."

"ಎಷ್ಟು ಅರ್ಜಿ ಹಾಕಿದೆಯಪ್ಪಾ?" ಎಂದು ಮಗನನ್ನು ಕೇಳಿದೆ.

"ಒಂದೂ ಇಲ್ರಿ. ಇನ್ನೂ ಒಂದು ವರ್ಷ ಹೆಚ್ಚಿಗಿ ಅದಲ್ರಿ."

೨. ಅಫಜಲಪುರ: ನಾಲ್ಕು ಪ್ರಶ್ನೆ

ಮಣ್ಣೂರಿನ ಕಬ್ಬಿನ ರೈತರು ಹೆಂಡತಿಯನ್ನೂ ಕರೆದುಕೊಂಡು ಬಂದಿದ್ದರು. ನನ್ನ ಮಾಮೂಲಿ ಪ್ರಶ್ನೆ ಶುರು ಮಾಡಿದೆ.

"ನಿದ್ದೆ ಬರುತ್ತಾ?"

"ಹಂದಿ ಕಾಟದಾಗ ಯಾರಿಗಿ ಬರ್ತದ್ರಿ?"

"ಬೇರೆಯವರಿಗೆ ಕೇಳದ ಸದ್ದು ನಿಮಗೆ ಕೇಳುತ್ತಾ?"

"ಕೇಳ್ತದ್ರಿ. ಹಂದಿ ಬಂದದ್ದು ನನಗಷ್ಟೇ ಕೇಳ್ತದ. ಮನಿಯವ್ರೆಲ್ಲ ಟಿವಿ ಮುಂದ ಇರ್ತಾರ."

"ಯಾರಾದರೂ ನಿಮಗಾಗಿ ಹೊಂಚು ಹಾಕಿದ್ದಾರೆ ಅನಿಸುತ್ತಾ?"

"ಹೌದ್ರಿ. ಹನ್ನೆರಡು ಅದಾವ."

ಪುಸ್ತಕದ ಪ್ರಕಾರ ಇಷ್ಟು ಹೊತ್ತಿಗೆ ಅವರನ್ನು ವಾರ್ಡಿಗೆ ಸೇರಿಸಬೇಕಿತ್ತು. ಕೊನೆಗೆ, ಸಿಟ್ಟು ಬರುತ್ತಾ ಎಂದು ಕೇಳಿದೆ. ಅವರು ಹೆಂಡತಿಯ ಮುಖ ನೋಡಿದರು.

ಆಕೆ ಹೇಳಿದರು: "ಇಲ್ರಿ, ಸಿಟ್ಟು ನನಗ ಬರ್ತದ. ಅದಕ್ಕ ಬಂದೂಕು ಇವರ ಹೆಸರಿಲೇ ಇರ್ಲಿ."

೩. ಜೇವರ್ಗಿ: ಮುತ್ಯಾನ ಕಾವಲು

ಯಡ್ರಾಮಿ ಕಡೆಯಿಂದ ಎಂಬತ್ತು ದಾಟಿದ ಮುತ್ಯಾ ಲೈಸೆನ್ಸ್ ನವೀಕರಣಕ್ಕೆ ಬಂದರು. ಕಣ್ಣಿಗೆ ಪೊರೆ, ಬಾಯಲ್ಲಿ ಎಲೆ ಅಡಿಕೆ. ಶೇಂಗಾ ಹೊಲದ ಗುಡಿಸಲಲ್ಲಿ ಬಂದೂಕು ತೊಡೆಯ ಮೇಲಿಟ್ಟುಕೊಂಡು ಕೂರುವುದೇ ಅವರ ಕೆಲಸ. "ಅದು ಹೋದ್ರ ನನ್ನ ಮನ್ಯಾಗ ಕೂಡಸ್ತಾರ್ರಿ. ಕುಂತು ಸಾಯ್ತೇನಿ," ಎಂದರು.

ಜೊತೆಗಿದ್ದ ಮಗ ಕಿವಿಯಲ್ಲಿ, "ಸಹಿ ಮಾಡಬ್ಯಾಡ್ರಿ ಸಾಹೇಬ್ರ, ಅಪ್ಪಗ ಮರವು ಆಗ್ಯದ," ಎಂದ.

ಪರೀಕ್ಷೆ ಮಾಡಿದೆ. ವಾರ, ತಿಥಿ, ಮೊಮ್ಮಕ್ಕಳ ಹೆಸರು, ನೂರರಿಂದ ಏಳೇಳು ಕಳೆಯುವುದು, ಎಲ್ಲ ಸರಿ. ನಾನೇ ಎರಡು ಸಲ ಲೆಕ್ಕ ತಪ್ಪಿದೆ, ಅವರು ತಿದ್ದಿದರು. ಕಣ್ಣಿನ ಡಾಕ್ಟರು ಏನನ್ನುತ್ತಾರೋ, ಮನಸ್ಸು ಮಾತ್ರ ನನಗಿಂತ ಗಟ್ಟಿ. ಪೆನ್ನು ತೆಗೆದೆ.

ಮಗ ನನ್ನ ಕೈ ಹಿಡಿದುಬಿಟ್ಟ. "ನವೀಕರಣ ಅಂದ್ರ ಠಾಣೆಯವ್ರು ಬಂದೂಕು ತೋರ್ಸು ಅಂತಾರ್ರಿ. ಬಂದೂಕು ಅಲ್ಲೇ ಅದ. ಎಲೆಕ್ಷನ್ ಮುಂದ ಜಮಾ ಮಾಡಿದ್ದು, ಅಪ್ಪನ ಕಣ್ಣು ನೋಡಿ ನಾವು ವಾಪಸ್ ತರ್ಲೇ ಇಲ್ಲ."

ಮುತ್ಯಾ ಎಲೆ ಅಡಿಕೆ ಅಗಿಯುವುದು ನಿಲ್ಲಿಸಿದರು. "ಮತ್ತ ನನ್ನ ತೊಡಿ ಮ್ಯಾಲಿರೋದು?"

"ಬೋರಿನ ಪೈಪು ಅಪ್ಪಾ. ಠಾಣೆಯವ್ರು ಸೀಲ್ ಮಾಡ್ಯಾರ, ಬಿಚ್ಚಬ್ಯಾಡ ಅಂತ ಹೇಳಿ ಚೀಲದಾಗ ಹೊಲಿದು ಕೊಟ್ಟೇವಿ."

"ಮಾನವಮಿಗಿ ನಾ ಆಯುಧ ಪೂಜಿ ಮಾಡಿದ್ದು?"

"ಅದಕ್ಕೇ ಅಪ್ಪಾ."

"ಎಷ್ಟು ವರ್ಷ ಆತು?"

"ಐದು."

ಮುದುಕರ ಎದೆ ಒಡೆಯಿತೇನೋ ಎಂದು ನಾನು ನೀರಿನ ಲೋಟ ಮುಂದೆ ಸರಿಸಿದೆ. ಅವರು ನೀರು ಮುಟ್ಟಲಿಲ್ಲ. ನನ್ನ ಕಡೆ ತಿರುಗಿದರು.

"ಡಾಕ್ಟರ್ ಸಾಹೇಬ್ರ, ಪೈಪಿಗಿ ಲೈಸೆನ್ಸ್ ಬೇಕೇನ್ರಿ?"

"ಬೇಡ ಮುತ್ಯಾ."

ಅವರು ಕೋಲು ಹಿಡಿದು ಎದ್ದರು. "ಹಂಗಾದ್ರ ಸಹಿ ಬ್ಯಾಡ ಬಿಡ್ರಿ. ಬಂದೂಕು ಇದ್ದಾಗ ವರ್ಷಾ ವರ್ಷಾ ಹಂದಿ ಬರ್ತಿದ್ದುವು. ಈ ಐದು ವರ್ಷದಾಗ ಒಂದೂ ಬಂದಿಲ್ಲ."