ವೃತ್ತ ದಾಟದ ಬೋದಿಲಜ್ಜಿ

೧೯೭೯ನೇ ಇಸವಿ ಅಕ್ಟೋಬರ್ ಹನ್ನೊಂದು, ಗುರುವಾರ, ಮೂರನೇ ಪಿರಿಯಡ್ಡಿನಲ್ಲಿ ನಾನು ಎದ್ದು ನಿಂತು ಒಂದಕ್ಕೆ ಹೋಗಿಬರಲು ಮೇಷ್ಟ್ರ ಅನುಮತಿ ಕೇಳಿದೆ. ಅನುಮತಿ ಸಿಕ್ಕಿತು. ‘ಐದು ನಿಮಿಷ’ ಎಂದು ಬರೆದು, ಸಹಿ ಮಾಡಿದ ಚೀಟಿಯನ್ನೂ ಕೊಟ್ಟರು. ಹೌಗೆಸುಂದ್ ಊರಿನ ಆ ಶಾಲೆಗೆ ನಾನು ಇನ್ನೂ ಹಿಂತಿರುಗಿಲ್ಲ. ಅನುಮತಿಯನ್ನು ಇದುವರೆಗೆ ಯಾರೂ ರದ್ದುಪಡಿಸಿಲ್ಲ.

ಆಮೇಲೆ ಹೆರಿಂಗ್ ಮೀನಿನ ಪೀಪಾಯಿ ತೊಳೆದೆ, ದೀಪಸ್ತಂಭಗಳಿಗೆ ಬಣ್ಣ ಬಳಿದೆ, ಕುರಿ ಎಣಿಸಿದೆ, ಒಂದು ಚರ್ಚಿನ ಗಂಟೆ ಕೂಡ ಹೊಡೆದೆ. ಎಲ್ಲೂ ಮೂರು ಚಳಿಗಾಲಕ್ಕಿಂತ ಹೆಚ್ಚು ನಿಂತವನಲ್ಲ. ಮೂರನೆಯದು ಮುಗಿಯುತ್ತ ಬಂದಂತೆ ಅಂಗಾಲು ತುರಿಸಲು ಶುರುವಾಗುತ್ತದೆ. ಈ ಕಥೆ ನಡೆದಾಗ ನಾನು ಬೆರ್ಗೆನ್ ಬಂದರಿನಿಂದ ಉತ್ತರಕ್ಕೆ ಹೋಗುವ ‘ಹಾವ್‌ಬ್ರಿಸ್’ ಎಂಬ ಪ್ರವಾಸಿ ಹಡಗಿನಲ್ಲಿ ಸಮುದ್ರದೇವರಾಗಿದ್ದೆ. ಹುದ್ದೆಯ ಪೂರ್ಣ ಹೆಸರು: ತಾತ್ಕಾಲಿಕ ಸಮುದ್ರದೇವರು, ದರ್ಜೆ ಮೂರು.

ಕೆಲಸ ಕಷ್ಟದ್ದಲ್ಲ. ಪ್ರಯಾಣದ ನಾಲ್ಕನೆಯ ಬೆಳಿಗ್ಗೆ ಹಡಗು ಆರ್ಕ್ಟಿಕ್ ವೃತ್ತವನ್ನು ದಾಟುತ್ತದೆ. ಆಗ ಪ್ರಯಾಣಿಕರು ಮೇಲಿನ ಡೆಕ್ಕಿನಲ್ಲಿ ಸಾಲು ನಿಲ್ಲುತ್ತಾರೆ. ನಾನು ಸೆಣಬಿನ ಗಡ್ಡ ಕಟ್ಟಿಕೊಂಡು ಒಬ್ಬೊಬ್ಬರ ಕತ್ತಿನ ಹಿಂಬದಿಯಿಂದ ಬೆನ್ನಿಗೆ ಒಂದು ಸೌಟು ಐಸ್ ಇಳಿಬಿಡುತ್ತೇನೆ, ಬಾಯಿಗೆ ಒಂದು ಚಮಚ ಮೀನೆಣ್ಣೆ ಹಾಕುತ್ತೇನೆ, ಕೈಗೆ ಪ್ರಮಾಣಪತ್ರ ಕೊಡುತ್ತೇನೆ. ಅವರು ಕಿರುಚುತ್ತಾರೆ, ನಗುತ್ತಾರೆ, ಕಾಫಿಗೆ ಹೋಗುತ್ತಾರೆ.

ಮೊದಲು ಇದು ಆಟವಾಗಿತ್ತು. ಎರಡು ವರ್ಷದ ಹಿಂದೆ ಓದೆನ್ಸೆಯ ಒಬ್ಬ ಮಹನೀಯರು ಕಂಪನಿಗೆ ಪತ್ರ ಬರೆದರು. ಹಡಗು ವೃತ್ತ ದಾಟುವ ಹೊತ್ತಿಗೆ ತಾವು ಗಡ್ಡ ಹೆರೆಯುತ್ತಿದ್ದುದಾಗಿಯೂ, ತಮಗೆ ಏನೂ ಅನುಭವಕ್ಕೆ ಬರಲಿಲ್ಲವೆಂದೂ, ಆದ್ದರಿಂದ ತಾವು ದಾಟಿದ್ದನ್ನು ತಾವು ಒಪ್ಪುವುದಿಲ್ಲವೆಂದೂ ತಿಳಿಸಿದರು. ಕಂಪನಿಯ ಕಾನೂನು ಶಾಖೆ ಏಳು ತಿಂಗಳು ಯೋಚಿಸಿತು. ಸದರಿ ವೃತ್ತ ಕಣ್ಣಿಗೆ ಕಾಣುವುದಿಲ್ಲ; ಮೇಲಾಗಿ ಅದು ಪ್ರತಿವರ್ಷ ಹದಿನಾಲ್ಕು ಹದಿನೈದು ಮೀಟರಿನಷ್ಟು ಉತ್ತರಕ್ಕೆ ಸರಿಯುತ್ತದೆ, ಸರಿಯುವ ಮುನ್ನ ಯಾರಿಗೂ ತಿಳಿಸುವುದಿಲ್ಲ. ಇಂಥದ್ದನ್ನು ನಂಬಿ ವ್ಯವಹಾರ ಮಾಡಲಾಗದು. ಐಸ್ ಹಾಗಲ್ಲ, ಅದು ಸಿಬ್ಬಂದಿಯ ಕೈಯಲ್ಲಿದೆ. ಹೀಗಾಗಿ ಹದಿನೇಳನೇ ನಿಯಮ ಹೊರಬಿತ್ತು:

‘ಯಾವ ಪ್ರಯಾಣಿಕರ ಕತ್ತಿಗೆ ವಿಧಿವತ್ತಾಗಿ ಐಸ್ ಬಿದ್ದಿದೆಯೋ ಅವರು ಮಾತ್ರ ವೃತ್ತ ದಾಟಿದ್ದಾರೆಂದು ಭಾವಿಸತಕ್ಕದ್ದು. ಉಳಿದವರು, ದೇಹ ಎಲ್ಲಿಯೇ ಇರಲಿ, ದಕ್ಷಿಣದಲ್ಲಿಯೇ ಇದ್ದಾರೆಂದು ಭಾವಿಸತಕ್ಕದ್ದು.’

ಆಮೇಲೆ ಒಂದು ವರ್ಷಕ್ಕೂ ಹೆಚ್ಚು ಕಾಲ ಯಾವ ತೊಂದರೆಯೂ ಆಗಲಿಲ್ಲ. ಜನ ಕಾಲರು ಬಿಚ್ಚಿಕೊಂಡೇ ಬರುತ್ತಿದ್ದರು.

ಫೆಬ್ರವರಿಯಲ್ಲಿ, ಡೆನ್ಮಾರ್ಕಿನ ಶಾಲೆಗಳಿಗೆ ಚಳಿಗಾಲದ ರಜೆ ಬಿಟ್ಟ ವಾರ, ರಾಂಡೆರ್ಸ್ ಊರಿನ ಒಂದು ಕುಟುಂಬ ಹಡಗು ಹತ್ತಿತು. ಅಜ್ಜಿ ಬೋದಿಲ್, ಎಪ್ಪತ್ತೆರಡು ವರ್ಷ. ಮಗಳು ಮೆಟ್ಟೆ. ಮೆಟ್ಟೆಯ ಮಗಳು ಈಡಾ, ಎಂಟು ವರ್ಷ. ಅಳಿಯ ಪ್ರೆಬೆನ್, ನಗರಸಭೆಯಲ್ಲಿ ಕಾರು ನಿಲ್ಲಿಸುವ ಪರವಾನಗಿ ಕೊಡುವ ವಿಭಾಗದವರು. ಹಡಗಿನ ನಿಯಮಪುಸ್ತಕವನ್ನು ಮೊದಲನೆಯ ದಿನವೇ ಓದಿ ಮುಗಿಸಿ, ಎರಡನೆಯ ಭಾಗ ಇದೆಯೇ ಎಂದು ವಿಚಾರಿಸಿದ್ದರು.

ಬುಧವಾರ ಬೆಳಿಗ್ಗೆ ಸಾಲು ನಿಂತಿತು. ಪ್ರೆಬೆನ್ ಯಾವುದಕ್ಕೂ ಇರಲಿ ಎಂದು ಎರಡು ಸಲ ಐಸ್ ಹಾಕಿಸಿಕೊಂಡರು. ಈಡಾ ಕಿರುಚಿದಳು. ಮೆಟ್ಟೆ ಕಣ್ಣು ಮುಚ್ಚಿಕೊಂಡಳು. ಬೋದಿಲಜ್ಜಿ ಸ್ವೆಟರಿನ ಕತ್ತನ್ನು ಗಲ್ಲದವರೆಗೆ ಎಳೆದುಕೊಂಡು ನಿಂತರು.

“ಏನಪ್ಪಾ ಗಡ್ಡದವನೇ, ಸೌಟು ಕೆಳಗಿಡು. ನಾನು ಹಮ್ಮರ್‌ಫೆಸ್ಟಿನವಳು. ನೀನು ಬಕೆಟ್ಟಲ್ಲಿ ಇಟ್ಕೊಂಡಿದೀಯಲ್ಲ, ಅದರ ಮೇಲೆ ಅಂಬೆಗಾಲಿಟ್ಟವಳು.”

“ಒಂದೇ ಸೌಟು ಅಜ್ಜಿ. ನಿಯಮ.”

“ಹುಟ್ಟಿದ ಊರಿಗೆ ಹೋಗೋಕೆ ಕತ್ತಿಗೆ ಐಸ್ ಹಾಕಿಸ್ಕೊಂಡಳು ಅಂತ ಗೊತ್ತಾದ್ರೆ ನಮ್ಮಕ್ಕ ಬಂದರಿನ ಧಕ್ಕೆ ಮೇಲೇ ಬಿದ್ದು ಬಿದ್ದು ನಗ್ತಾಳೆ. ನನಗೆ ಬೇಡ.”

“ಅತ್ತೆ, ನಿಯಮ ಸ್ಪಷ್ಟವಾಗಿದೆ,” ಎಂದರು ಪ್ರೆಬೆನ್, ನಡುಗುತ್ತ.

“ಅಳಿಯಂದಿರೇ, ನಿಮ್ಮ ಅಂಗಿಯೊಳಗಿಂದ ನೀರು ಸೋರ್ತಿದೆ. ಮೊದಲು ಅದನ್ನ ನೋಡ್ಕೊಳ್ಳಿ.”

ಅಜ್ಜಿ ಹೋದರು. ನಾನು ಪಟ್ಟಿಯಲ್ಲಿ ‘ಬಿದ್ದಿಲ್ಲ’ ಎಂದು ಗುರುತು ಹಾಕಿದೆ.

ಪರಿಣಾಮಗಳು ಕ್ರಮಬದ್ಧವಾಗಿ ಜರುಗಿದವು. ಊಟದ ಮನೆಯ ಬಾಗಿಲಲ್ಲಿ ಅಜ್ಜಿಯ ಹಡಗಿನ ಕಾರ್ಡಿಗೆ ಕೆಂಪು ದೀಪ ಹೊತ್ತಿತು. ಉತ್ತರದಲ್ಲಿರುವವರ ಜೊತೆ ದಕ್ಷಿಣದಲ್ಲಿರುವವರು ಒಂದೇ ಮೇಜಿಗೆ ಕೂರಲು ಹೇಗೆ ಸಾಧ್ಯವೆಂಬ ಪ್ರಶ್ನೆ ಎದ್ದು, ನಡುವೆ ಒಂದು ಹೂಕುಂಡ ಇಡಲಾಯಿತು. ಈಡಾ ಎಲೆಗಳ ಸಂದಿಯಿಂದ ಅಜ್ಜಿಗೆ ಬೆಣ್ಣೆ ದಾಟಿಸುತ್ತಿದ್ದಳು. ಅಜ್ಜಿಯ ೪೧೨ನೇ ಕ್ಯಾಬಿನ್ನಿನ ಕಿಟಕಿಗೆ ಪರದೆ ಎಳೆಯಲಾಯಿತು, ಏಕೆಂದರೆ ಅಲ್ಲಿಂದ ಕಾಣುವುದು ಅಜ್ಜಿ ಇನ್ನೂ ತಲುಪದ ಬೆಟ್ಟಗಳು. ಬಾಗಿಲಿಗೆ ಪ್ರತಿದಿನ ಸಿಕ್ಕಿಸುವ ಹವಾಮಾನದ ಚೀಟಿಯಲ್ಲಿ ಅವರಿಗೆ ಮಾತ್ರ ಮಂಗಳವಾರದ ಮಳೆಯೇ ಮುಂದುವರಿಯಿತು. ಇದಕ್ಕೆಲ್ಲ ಅಜ್ಜಿ ತಲೆ ಕೆಡಿಸಿಕೊಳ್ಳಲಿಲ್ಲ. ಆದರೆ ಅದೇ ದಿನ ಮಧ್ಯಾಹ್ನ ಬೋದೋ ಬಂದರಿನಲ್ಲಿ ಇಳಿಯಹೋದಾಗ ಗೇಟು ತೆರೆಯಲಿಲ್ಲ. ಪರದೆಯ ಮೇಲೆ ಅಕ್ಷರ ಮೂಡಿತು: ‘ಈ ಪ್ರಯಾಣಿಕರು ಇಲ್ಲಿಗೆ ಇನ್ನೂ ಬಂದಿಲ್ಲ.’

ಅಜ್ಜಿ ಅದನ್ನು ಎರಡು ಸಲ ಓದಿದರು. “ಹಮ್ಮರ್‌ಫೆಸ್ಟಲ್ಲೂ ಹೀಗೇನಾ?”

“ಅದು ಇನ್ನೂ ಉತ್ತರ,” ಎಂದ ಗೇಟಿನವನು.

ಗಡ್ಡ ಒಣಹಾಕುತ್ತಿದ್ದಾಗ ಮೆಟ್ಟೆ ನನ್ನ ಬಳಿ ಬಂದು ಕುಳಿತು ತಾಯಿಯ ಕಥೆ ಹೇಳಿದಳು. ೧೯೮೪ರಲ್ಲಿ ಬೋದಿಲ್ ಒಬ್ಬ ಡೇನಿಷ್ ಬಲೆ ವ್ಯಾಪಾರಿಯ ಜೊತೆ ಹಮ್ಮರ್‌ಫೆಸ್ಟ್ ಬಿಟ್ಟು ಹೋಗಿದ್ದರು. ಅಕ್ಕ ಹಾಲ್ದಿಸ್ ಆಗ ಮೀನು ಕಾರ್ಖಾನೆಯಲ್ಲಿ ಪಾಳಿಯಲ್ಲಿದ್ದಳು. ಅವಳಿಗೆ ಒಂದು ಮಾತೂ ಹೇಳಿರಲಿಲ್ಲ. ಹಾಲ್ದಿಸ್ ಮನೆಗೆ ಬಂದು ಎರಡು ಲೋಟಕ್ಕೆ ಕಾಫಿ ಬಗ್ಗಿಸಿ ಕಾದಳಂತೆ. ನಲವತ್ತೊಂದು ವರ್ಷ ತಂಗಿಯ ಕಾಗದಗಳು ಒಡೆಯದೆ ವಾಪಸಾದವು. ಬಲೆ ವ್ಯಾಪಾರಿ ತೀರಿಕೊಂಡಾಗ ಬರೆದದ್ದೂ ವಾಪಸಾಯಿತು. ಈ ಜನವರಿಯಲ್ಲಿ ಮಾತ್ರ ಒಂದು ಕಾರ್ಡು ಬಂತು: ‘ಹದಿನಾಲ್ಕಕ್ಕೆ ಹಡಗು ಬರುತ್ತದಂತೆ. ಧಕ್ಕೆಯಲ್ಲಿ ನಿಂತಿರುತ್ತೇನೆ. ಒಂದೇ ಸಲ.’

“ಅಮ್ಮ ಇಳೀಲಿಲ್ಲ ಅಂದ್ರೆ ದೊಡ್ಡಮ್ಮ ಇನ್ನೊಂದ್ಸಲ ನಿಲ್ಲೋಳಲ್ಲ,” ಎಂದಳು ಮೆಟ್ಟೆ. “ಹಡಗು ನಿಲ್ಲೋದು ಮುಕ್ಕಾಲು ಗಂಟೆ.”

ಗುರುವಾರ ಬೆಳಿಗ್ಗೆ ಅಜ್ಜಿ ತಾವಾಗಿಯೇ ಸ್ವೆಟರಿನ ಕತ್ತು ಬಿಚ್ಚಿಕೊಂಡು ಕಚೇರಿಗೆ ಬಂದರು. ಅಲ್ಲಿ ಕೂರುವವರು ವೆಂಕೆ ಸ್ತ್ರೌಮೆ, ಹಡಗಿನ ವಿಧಿವಿಧಾನಾಧಿಕಾರಿ. ಕೆಟ್ಟವರಲ್ಲ, ನಿಯಮವನ್ನು ಓದುವಾಗ ಅವರ ದನಿ ಮೆತ್ತಗಾಗುತ್ತಿತ್ತು.

“ಹಾಕಮ್ಮಾ. ಸೌಟಲ್ಲ, ಬಕೆಟ್ಟೇ ಸುರಿ,” ಎಂದರು ಅಜ್ಜಿ. ಅವರ ಹಿಂದೆ ನಾನು ಬಕೆಟ್ ಹಿಡಿದು ನಿಂತಿದ್ದೆ.

“ಬೋದಿಲ್ ಅವರೇ, ಐಸ್ ಇದೆ, ಸೌಟಿದೆ, ದೇವರೂ ಇದ್ದಾರೆ. ವೃತ್ತ ಇಲ್ಲ. ಅದು ನಿನ್ನೆಯೇ ಹಿಂದೆ ಹೋಯ್ತು. ವಿಧಿ ಅಲ್ಲೇ ನಡೀಬೇಕು.”

“ಮತ್ತೆ ಯಾವಾಗ ಬರುತ್ತೆ?”

“ಸೋಮವಾರ, ವಾಪಸು ಹೋಗುವಾಗ. ಆದರೆ ಅದು ಉತ್ತರದಿಂದ ದಕ್ಷಿಣಕ್ಕೆ ದಾಟೋರಿಗೆ. ನೀವು ದಕ್ಷಿಣದಲ್ಲೇ ಇದೀರಿ. ನಿಮಗೆ ಅದು ಅನ್ವಯಿಸಲ್ಲ.”

ಅಜ್ಜಿ ಕತ್ತನ್ನು ಮತ್ತೆ ಮುಚ್ಚಿಕೊಳ್ಳಲಿಲ್ಲ. ಹಾಗೇ ಕುರ್ಚಿಯ ಮೇಲೆ ಕುಳಿತರು. “ಬಗ್ಗಲ್ಲ ಅಂದಾಗ ಬಗ್ಗು ಅಂತೀರಿ. ಬಗ್ಗಿದ್ರೆ ಹೊತ್ತು ಮೀರ್ತು ಅಂತೀರಿ. ನೀವು ನಮ್ಮಕ್ಕನ ಕಡೆ ಸಂಬಂಧಾನಾ?”

ವೆಂಕೆ ಆ ಪ್ರಶ್ನೆಯನ್ನೂ ಬರೆದುಕೊಂಡರು.

ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ತುರ್ತುಸಭೆ ಸೇರಿತು. ಹನ್ನೊಂದಕ್ಕೆ ಹಮ್ಮರ್‌ಫೆಸ್ಟ್. ಅಜ್ಜಿ ಕೋಟು ಹಾಕಿಕೊಂಡು, ಕೈಚೀಲ ತೊಡೆಯ ಮೇಲಿಟ್ಟು ಕುಳಿತಿದ್ದರು. ಹಡಗನ್ನು ಹಿಂದಕ್ಕೆ ತಿರುಗಿಸಿ ವೃತ್ತದವರೆಗೆ ಹೋಗಿಬರುವ ಸಲಹೆಯನ್ನು ಕ್ಯಾಪ್ಟನ್ನರ ಮುಂದಿಟ್ಟಾಗ ಅವರು ಸಲಹೆ ತಂದವನಿಗೆ ಬಾಗಿಲು ತೋರಿಸಿದರೆಂದು ವರದಿಯಾಯಿತು. ಡೆಕ್ಕಿಗೆ ಅಡ್ಡಲಾಗಿ ಹಗ್ಗ ಎಳೆದು ಅದನ್ನೇ ವೃತ್ತವೆಂದು ಘೋಷಿಸಬಹುದೆಂದು ಪ್ರೆಬೆನ್ ಸೂಚಿಸಿದರು. ಹಾಗೆ ಮಾಡಿದರೆ ಹಗ್ಗದ ಹಿಂದಿರುವ ಅಡುಗೆಮನೆ ದಕ್ಷಿಣಕ್ಕೆ ಸೇರುವುದರಿಂದ ಊಟದ ತಟ್ಟೆಗಳಿಗೆಲ್ಲ ಐಸ್ ಹಾಕಬೇಕಾಗುತ್ತದೆಂದು ಅದು ಬಿದ್ದುಹೋಯಿತು.

ಆಗ ನಾನು ಕೇಳಿದೆ. ಓದಿದವನಲ್ಲ, ಗೊತ್ತಾಗದೆ ಕೇಳಿದೆ. “ಅಜ್ಜಿ ದಕ್ಷಿಣಕ್ಕೆ ದಾಟಿದ್ದು ಯಾವಾಗ?”

“ಎಂಬತ್ನಾಲ್ಕರಲ್ಲಿ,” ಎಂದಳು ಮೆಟ್ಟೆ.

“ಆಗ ಐಸ್ ಬಿದ್ದಿತ್ತಾ?”

ವೆಂಕೆ ಅಜ್ಜಿಯ ಕಡೆ ತಿರುಗಿದರು. “ಬೋದಿಲ್ ಅವರೇ, ಹೋಗುವಾಗ ಏನಾದರೂ ಪ್ರಮಾಣಪತ್ರ?”

“ಬಲೆ ತುಂಬಿದ ಲಾರಿಯಲ್ಲಿ ಹೋದೆ ಕಣಮ್ಮಾ. ಪ್ರಮಾಣಪತ್ರ ಎಲ್ಲಿಂದ?”

ವೆಂಕೆ ನಿಯಮಪುಸ್ತಕ ತೆರೆದು ಹದಿನೇಳನ್ನು ಮೂರು ಸಲ ಓದಿದರು. ದನಿ ಬಹಳ ಮೆತ್ತಗಾಗಿತ್ತು. “ಐಸ್ ಬೀಳದವರು ದಾಟಿಲ್ಲ. ಬೋದಿಲ್ ಅವರು ಉತ್ತರದಲ್ಲಿ ಹುಟ್ಟಿದ್ದಾರೆ. ದಕ್ಷಿಣಕ್ಕೆ ದಾಟಿದ ದಾಖಲೆ ಇಲ್ಲ. ಆದ್ದರಿಂದ ಅವರು ಹಮ್ಮರ್‌ಫೆಸ್ಟ್ ಬಿಟ್ಟು ಹೋಗಿಯೇ ಇಲ್ಲ.”

“ಹಾಗಾದ್ರೆ ನಾಲ್ಕುನೂರ ಹನ್ನೆರಡರಲ್ಲಿರೋದು ಯಾರು?” ಎಂದರು ಪ್ರೆಬೆನ್.

“ಖಾಲಿ.”

ಪ್ರೆಬೆನ್ ಯೋಚಿಸಿದರು. “ತರ್ಕ ಸರಿಯಾಗಿದೆ,” ಎಂದರು. ಆಮೇಲೆ ಅತ್ತೆಯನ್ನು ಮೊದಲ ಸಲ ನೋಡುವವರಂತೆ ನೋಡಿ, ಎದ್ದು ಕೈಕುಲುಕಿದರು. “ಹಾಗಾದ್ರೆ ರಾಂಡೆರ್ಸಿನಲ್ಲಿ ನಮ್ಮ ಮದುವೆಗೆ ತಾವು ಬಂದಿರಲಿಲ್ಲ.”

“ಬರೋದು ಬೇಡ ಅಂತಾನೇ ಅನ್ಸಿತ್ತು ಅಳಿಯಂದಿರೇ,” ಎಂದರು ಅಜ್ಜಿ.

ಒಂದೇ ಅಡ್ಡಿ ಉಳಿದಿತ್ತು. ಹಮ್ಮರ್‌ಫೆಸ್ಟಿನಲ್ಲೇ ಇರುವ ಹೆಂಗಸು ಹಡಗಿನೊಳಗೆ ಏನು ಮಾಡುತ್ತಿದ್ದಾರೆ? ಇದಕ್ಕೆ ನಲವತ್ತನೇ ನಿಯಮ ಒದಗಿತು. ಹನ್ನೊಂದೂ ಐದಕ್ಕೆ ಧ್ವನಿವರ್ಧಕ ಹೇಳಿತು:

‘ಹಡಗು ನೋಡಲು ಒಳಗೆ ಬಂದಿರುವ ಸ್ಥಳೀಯ ನಾಗರಿಕರು ಕೂಡಲೇ ಇಳಿದು ಹೋಗತಕ್ಕದ್ದು. ಸ್ಥಳೀಯರು ಕಾರ್ಡು ತೋರಿಸುವ ಅಗತ್ಯವಿಲ್ಲ.’

ಗೇಟು ತಾನಾಗಿ ತೆರೆಯಿತು.

ಧಕ್ಕೆಯ ಮೇಲೆ ಹಿಮ ಗುಡಿಸಿ ಹಾಕಿದ ಗುಡ್ಡೆಯ ಪಕ್ಕ ಒಬ್ಬ ಎತ್ತರದ ಮುದುಕಿ ಕಾಫಿ ಫ್ಲಾಸ್ಕು ಹಿಡಿದು ನಿಂತಿದ್ದರು. ಬೋದಿಲಜ್ಜಿ ಹಲಗೆ ಇಳಿದು ಹೋಗಿ ಅವರ ಮುಂದೆ ನಿಂತರು. ಕೈಯಲ್ಲಿ ವೆಂಕೆ ಸಹಿ ಮಾಡಿದ ಕಾಗದ.

“ಎಲ್ಲಿಗೆ ಹೋಗಿದ್ದೆ?” ಎಂದರು ಹಾಲ್ದಿಸ್.

“ಎಲ್ಲೂ ಇಲ್ಲಕ್ಕ. ಬರೆದು ಕೊಟ್ಟಿದಾರೆ.”

ಹಾಲ್ದಿಸ್ ಕನ್ನಡಕ ಹಾಕಿಕೊಂಡು, ಮೊಹರಿನ ಮೇಲೆ ಬೆರಳಿಟ್ಟು ಓದಿದರು. ನಾವೆಲ್ಲ ಕಂಬಿಗೆ ಒರಗಿ ನೋಡುತ್ತಿದ್ದೆವು. ಅವರು ಕಾಗದವನ್ನು ಮಡಿಸಿ ತಮ್ಮ ಜೇಬಿಗೇ ಹಾಕಿಕೊಂಡರು.

“ಮತ್ತೆ ಇಷ್ಟು ಹೊತ್ತು ಏನ್ಮಾಡ್ತಿದ್ದೆ?”

“ಹಡಗು ನೋಡ್ತಿದ್ದೆ.”

“ಹೇಗಿದೆ?”

“ಐಸ್ ಜಾಸ್ತಿ.”

ಹಾಲ್ದಿಸ್ ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಚೀಲದಿಂದ ಎರಡು ಲೋಟ ತೆಗೆದರು. “ಕುಡಿ. ಆರಿ ಹೋಗಿದ್ರೆ ನನ್ನ ತಪ್ಪಲ್ಲ.”

ಈಡಾ ಮೇಲಿನಿಂದ “ಅಜ್ಜೀ” ಎಂದು ಕೂಗಿ ಕೈ ಬೀಸಿದಳು. ಇಬ್ಬರೂ ಮುದುಕಿಯರು ಕೈ ಎತ್ತಿದರು.

ಸ್ಥಳೀಯರಿಗೆ ಟಿಕೆಟ್ ಇರುವುದಿಲ್ಲವಾದ್ದರಿಂದ ಬೋದಿಲಜ್ಜಿ ಮತ್ತೆ ಹಡಗು ಹತ್ತುವ ಪ್ರಶ್ನೆ ಉದ್ಭವಿಸಲಿಲ್ಲ. ಮೆಟ್ಟೆ ಸ್ವಲ್ಪ ಅತ್ತು, ಈಸ್ಟರಿಗೆ ತಾಯಿಯ ಊರಿಗೆ ಬರುವುದಾಗಿ ಕೂಗಿ ಹೇಳಿದಳು. ಹೂಕುಂಡವನ್ನು ಕಿಟಕಿಯ ಬಳಿಗೆ ಒಯ್ದರು.

ವೆಂಕೆ ಸ್ತ್ರೌಮೆ ಈ ಯಶಸ್ಸಿನಿಂದ ಹುರುಪುಗೊಂಡು, ಹಡಗು ಇನ್ನೂ ಧಕ್ಕೆಯಲ್ಲಿರುವಾಗಲೇ ಸಿಬ್ಬಂದಿಯ ಕಡತಗಳನ್ನು ಅದೇ ನಿಯಮದಡಿ ಪರಿಶೀಲಿಸಲು ಕುಳಿತರು. ಹತ್ತು ನಿಮಿಷದಲ್ಲಿ ನನ್ನ ಕೋಣೆಗೆ ಬಂದರು.

“ಓದ್ವಾರ್, ನಿನ್ನ ಕತ್ತಿಗೆ ಐಸ್ ಹಾಕಿದ್ದು ಯಾರು?”

“ಯಾರೂ ಇಲ್ಲ. ಹಾಕೋನು ನಾನೇ.”

“ಅದೇ ತೊಂದರೆ. ವಿದ್ಯಾರ್ಹತೆಯ ಜಾಗದಲ್ಲಿ ಈ ಒಂದು ಚೀಟಿ ಲಗತ್ತಿಸಿದೀಯ. ಹೌಗೆಸುಂದ್ ಶಾಲೆ. ಐದು ನಿಮಿಷ. ಇದರ ನಂತರ ನೀನು ಎಲ್ಲಿಗೂ ಹೋದ ದಾಖಲೆ ಇಲ್ಲ.”

“ಇಲ್ಲ.”

“ಹಾಗಾದ್ರೆ ಮೂರು ಚಳಿಗಾಲ ಐಸ್ ಹಾಕಿದ್ದು ಯಾರು?”

“ಸಮುದ್ರದೇವರು,” ಎಂದೆ.

ಅವರು ಅದನ್ನು ಬರೆದುಕೊಂಡರು. ಹುದ್ದೆ ಖಾಲಿ ಇರುವುದು ಇದರಿಂದ ದೃಢಪಟ್ಟಿತು. ಪ್ರೆಬೆನ್ ಹೊರಗೆ ನಿಂತಿದ್ದರು, ವಾಪಸು ಪ್ರಯಾಣಕ್ಕೆ ಗಡ್ಡ ತಮಗೆ ಸರಿಹೋಗುವುದೇ ನೋಡಬಹುದೇ ಎಂದು ಕೇಳಿದರು. ಸರಿಹೋಯಿತು. ಎಡಗಾಲಿನ ಅಂಗಾಲು ಸೋಮವಾರದಿಂದಲೇ ತುರಿಸುತ್ತಿದ್ದುದರಿಂದ ನಾನೂ ಅದನ್ನು ಬಿಟ್ಟುಕೊಟ್ಟೆ.

ಚೀಲ ಎಳೆದು ಎರಡು ಸ್ವೆಟರು, ಚಾಕು, ಲೋಟ ತುಂಬಿದೆ. ಸ್ಥಳೀಯರು ಇಳಿದು ಹೋಗತಕ್ಕದ್ದೆಂದು ಧ್ವನಿವರ್ಧಕ ಎರಡನೇ ಸಲ ಹೇಳಿತು. ನಾನು ವೆಂಕೆಯ ಮುಂದೆ ಕೈ ಚಾಚಿ, ಆ ಚೀಟಿ ಮೂಲಪ್ರತಿ, ಅದನ್ನು ವಾಪಸು ಕೊಡಬೇಕು ಎಂದೆ. ಅವರು ಕಡತದಿಂದ ಬಿಚ್ಚಿ, ಮತ್ತೊಮ್ಮೆ ಓದಿ, ಗಡಿಯಾರ ನೋಡಿಕೊಂಡು ಕೊಟ್ಟರು.

“ಐದೇ ನಿಮಿಷ ಇರೋದು,” ಎಂದರು. “ಬೇಗ ಹೋಗಿ ಬಾ.”