ಶಂಕ್ರಮ್ಮ ಬದುಕಿದ್ದಾಳೆಂದು ಒಪ್ಪದ ಆ್ಯಪು

ಮೂವತ್ತು ವರ್ಷ ಆಂಧ್ರದ ಗಡಿಯ ಹೊಳಗುಂದದ ಮಕ್ಕಳಿಗೆ ಗಣಿತ ಕಲಿಸಿದ ನನಗೆ, ನನ್ನ ಹೆಂಡತಿ ಬದುಕಿದ್ದಾಳೆಂದು ಸಾಧಿಸಿ ತೋರಿಸುವುದು ಕಷ್ಟದ ಲೆಕ್ಕವೆನಿಸಲಿಲ್ಲ. ಕಣ್ಣೆದುರೇ ರೊಟ್ಟಿ ಬಡಿಯುತ್ತಿದ್ದಳು!

ಶಂಕ್ರಮ್ಮ ಕನ್ನಡ ಶಾಲೆಯಲ್ಲಿ ಒಂದನೇ ತರಗತಿಯ ಟೀಚರಾಗಿ ನಿವೃತ್ತಳಾದವಳು. ವರ್ಷಕ್ಕೊಮ್ಮೆ ತಾನು ಬದುಕಿರುವ ಸಂಗತಿಯನ್ನು ಸರ್ಕಾರಕ್ಕೆ ತಿಳಿಸಬೇಕು. ತಿಂಗಳ ಕೊನೆಯೊಳಗೆ ತಿಳಿಸದಿದ್ದರೆ ಪಿಂಚಣಿ ನಿಲ್ಲುತ್ತದೆ. ‘ಇದು ನನ್ನ ದುಡಿಮೆ’ ಎಂದು ಆಕೆ ಎದೆಯೆತ್ತಿ ಹೇಳುವುದು ಅದೊಂದನ್ನೇ. ಈ ವರ್ಷ ಮುಖ ನೋಡಿ ಗುರುತಿಸುವ ಹೊಸ ಆ್ಯಪು ಬಂದಿತ್ತು. ನನಗೆ ಬಿಡು ಎಂದು ನಾನೇ ಅದನ್ನು ಫೋನಿಗೆ ಇಳಿಸಿ, ಕೇಳಿದ್ದನ್ನೆಲ್ಲ ತುಂಬಿ ಸಿದ್ಧಪಡಿಸಿದೆ.

ಫೋನು ಎತ್ತಿ ಹಿಡಿದೊಡನೆ ಆಕೆ ತಲೆಯ ಮೇಲೆ ಸೆರಗು ಎಳೆದುಕೊಂಡಳು. ಆ್ಯಪು ‘ವಿಫಲ’ ಎಂದಿತು. ಸೆರಗು ತೆಗೆ ಎಂದೆ.

"ಸರ್ಕಾರದ ಮುಂದ ಬರೇ ತಲೀಲೆ ಹೆಂಗ ಕುಂದ್ರಲ್ರಿ?"

ಆ ಕಡೆ ಯಾರೂ ಕೂತಿಲ್ಲವೆಂದು ಒಪ್ಪಿಸಲು ಅರ್ಧ ದಿನ ಹಿಡಿಯಿತು. ಸೆರಗು ಇಳಿಯಿತು, ವಿಫಲ. ಕನ್ನಡಕ ತೆಗೆಸಿದೆ, ಕುಂಕುಮ ಸಣ್ಣದು ಮಾಡಿಸಿದೆ, ಮಾಳಿಗೆಯ ಬಿಸಿಲಿನಲ್ಲಿ ಕೂರಿಸಿದೆ. ವಿಫಲ. ಏಕೆಂದು ಮಾತ್ರ ಆ್ಯಪು ಬಾಯಿಬಿಡದು.

ಮೂರನೆಯ ದಿನ ಆಕೆ ಕನ್ನಡಿಯ ಮುಂದೆ ತುಸು ಹೊತ್ತು ನಿಂತಳು. "ಅಷ್ಟು ಬದಲಾಗೀನೇನ್ರಿ?" ಎಂದಳು.

ಅಂದೇ ಪಿಂಚಣಿ ಕಚೇರಿಗೆ ಅರ್ಜಿ ಬರೆದೆ. ಜನರ ತೆರಿಗೆಯಿಂದ ಮಾಡಿಸಿದ ಆ್ಯಪಿನ ಒಳಬರಹ, ಅಂದರೆ ಕೋಡು, ಜನರಿಗೆ ತೆರೆದಿರತಕ್ಕದ್ದು. ಸಂತೆಯಲ್ಲಿ ಜೋಳ ಅಳೆಯುವ ಸೇರನ್ನು ತಿರುಗಿಸಿ ತಳ ನೋಡುವ ಹಕ್ಕು ನಮಗಿರುವಾಗ, ಹೆಂಡತಿಯನ್ನು ಅಳೆಯುವ ಸೇರಿಗೇಕೆ ಮುಸುಕು ಎಂದು ಎರಡು ಪುಟ. ಕಚೇರಿಯ ಗುಮಾಸ್ತರು ಓದಿ, ಕೋಡನ್ನು ತಮಗೂ ಯಾರೂ ತೋರಿಸಿಲ್ಲವೆಂದು ತೆಲುಗಿನಲ್ಲಿ ಸಮಾಧಾನ ಹೇಳಿ, ಮೂರು ಪ್ರತಿ ತರಲು ಅಪ್ಪಣೆ ಕೊಡಿಸಿದರು.

ಆದೋನಿಯಲ್ಲಿ ಕಂಪ್ಯೂಟರ್ ಪಾಠ ಹೇಳುವ ನನ್ನ ಹಳೆಯ ವಿದ್ಯಾರ್ಥಿನಿ ಸುನೀತಾ ಮನೆಗೆ ಬಂದಿದ್ದಳು. ಅರ್ಜಿಯನ್ನು ಆಕೆಗೆ ಗಟ್ಟಿಯಾಗಿ ಓದಿದೆ.

"ಕೋಡು ಕೊಟ್ರ ನೀವು ಓದ್ತೀರೇನ್ರಿ ಸಾರ್?"

ನಾನು ಓದದಿದ್ದರೆ ನೀನು ಓದುತ್ತೀ, ಅದಕ್ಕೇ ತೆರೆದಿರಬೇಕು ಎಂದೆ. ಆ ಮಾತು ಖರೆ ಎಂದು ಆಕೆ ಒಪ್ಪಿದಳು. ಆಮೇಲೆ ಫೋನು ಇಸಿದುಕೊಂಡು ಅಲ್ಲಿ ಇಲ್ಲಿ ಒತ್ತಿ, ಪರದೆಯನ್ನು ನನ್ನ ಕಡೆ ತಿರುಗಿಸಿದಳು.

"ಸಾರ್, ಟೀಚರಮ್ಮಗ ಮೀಸಿ ಯಾವಾಗ ಬಂತ್ರಿ?"

ಶಂಕ್ರಮ್ಮನ ಹೆಸರಿನ ಪಕ್ಕದಲ್ಲಿ ನನ್ನ ಮುಖ! ಮೊದಲ ದಿನ ಹೋಲಿಸಿ ನೋಡಲೆಂದು ಆ್ಯಪು ಮುಖ ಕೇಳಿದಾಗ, ಫೋನು ಹಿಡಿದಿದ್ದ ನಾನೇ ಕೊಟ್ಟುಬಿಟ್ಟಿದ್ದೆ. ಮದುವೆಯಾದಾಗಿನಿಂದ ಆಕೆಯ ಫಾರಂಗಳನ್ನೆಲ್ಲ ತುಂಬುತ್ತ ಬಂದವನು. ಮುಖದ ಜಾಗವನ್ನೂ ತುಂಬಿದ್ದೆ.

ಅರ್ಜಿಯನ್ನು ಹರಿಯಲು ಹೋದೆ. ಶಂಕ್ರಮ್ಮ ಕೈ ಹಿಡಿದಳು.

"ಹರೀಬ್ಯಾಡ್ರಿ. ತಪ್ಪು ಎಲ್ಲೈತಿ ಅಂತ ಹೇಳದ ಇಷ್ಟು ದಿನ ಕಾಡಿತಲ್ಲ, ಅದನ್ನ ಕೇಳಬೇಕು. ಕೊಡ್ರಿ. ಆದರ ಮೊದಲನೇ ಸಾಲಿನ್ಯಾಗ ನಿಮ್ಮ ತಪ್ಪು ಬರೀರಿ. ಅವರೊಬ್ಬರ ಯಾಕ ತೆರದಿಡಬೇಕು?"

ಬರೆದೆ. ಮೂರು ಪ್ರತಿಯಲ್ಲಿಯೂ. ಸುನೀತಾ ಮುಖ ಬದಲಿಸಿಕೊಟ್ಟಳು; ಶಂಕ್ರಮ್ಮ ಒಂದೇ ಸಲಕ್ಕೆ ಬದುಕಿದಳು.

ಹೀಗೆ ಒಂದು ವಾರ ಸರ್ಕಾರದ ಕಡತದಲ್ಲಿ ನಾನೇ ನನ್ನ ಹೆಂಡತಿಯಾಗಿದ್ದೆ. ಆ ಕೆಲಸ ಒಂದು ದಿನವೂ ನನ್ನಿಂದ ನೆಟ್ಟಗೆ ಆಗಲಿಲ್ಲ.